ಎತ್ತಬೇಡಿ ಮಾರಾಯ್ರೆ: ಆಗುಂಬೆ ಘಾಟಿಯ ಮಳೆಯಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ

ಆಗಸ್ಟ್ ತಿಂಗಳು, ಸಂಜೆ ಐದೂ ಮುಕ್ಕಾಲು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ನಡುವಿನದೊಂದು. ಇಳಿಯುತ್ತಿದ್ದ ಬೈಕು ಜಾರಿ, ಹತ್ತುತ್ತಿದ್ದ ಕಾರಿನ ಮೂತಿಗೆ ಬಡಿದಿತ್ತು. ಓಡಿಸುತ್ತಿದ್ದವರು ರಸ್ತೆಯ ಮೇಲೆ. ಬಲಗಾಲು ಮೊಣಕಾಲಿನ ಕೆಳಗೆ ಮುರಿದು ಮೂಳೆ ಹೊರಗೆ ಕಾಣುತ್ತಿದೆ. ಹಿಂದೆ ಕೂತಿದ್ದ ಹುಡುಗ ಧರೆ (ರಸ್ತೆಗಾಗಿ ಕಡಿದ ಗುಡ್ಡದ ಗೋಡೆ) ಬದಿಯ ಚರಂಡಿಯಲ್ಲಿ, ಹೆಲ್ಮೆಟ್ ಸಮೇತ, ಹರಿಯುವ ನೀರಿನಲ್ಲಿ ಅರ್ಧ ಮುಳುಗಿ. ಕಾರಿನವರಿಗೆ ಗಾಯವಿಲ್ಲ, ನಡುಕ ಮಾತ್ರ. ಇಪ್ಪತ್ತು ಹೆಜ್ಜೆ ಆಚೆಗಿನ ತಡೆಗೋಡೆ ಕಾಣದಷ್ಟು ಮಂಜು. ಯಾರ ಮೊಬೈಲಿನಲ್ಲೂ ಸಿಗ್ನಲ್ ಇಲ್ಲ. ಆಂಬುಲೆನ್ಸ್ ಬಾಗಿಲು ಹಾಕಿಕೊಂಡು ಹೊರಟಾಗ ಏಳೂ ಐದು. ಆ ನಡುವೆ ಏನೇನು ಮಾಡಬೇಕಾಯಿತು, ಯಾವುದು ಕೈಕೊಟ್ಟಿತು, ಏಕೆ ಎಂಬುದನ್ನು ಮಳೆಗಾಲದಲ್ಲಿ ಘಾಟಿ ಹತ್ತಿ ಇಳಿಯುವವರಿಗಾಗಿ ಬರೆದಿಡುತ್ತಿದ್ದೇವೆ.

ಗಾಯಗೊಂಡವರ ಕಡೆ ಓಡುವುದು ಸಹಜ. ಘಾಟಿಯಲ್ಲಿ ಮಾತ್ರ ಮೊದಲ ನಿಮಿಷವನ್ನು ರಸ್ತೆಗೆ ಕೊಡಬೇಕು. ಮೇಲಿನಿಂದ ಇಳಿಯುವ ಗಾಡಿಯ ಬ್ರೇಕು ಒದ್ದೆ, ಟೈರಿನ ಕೆಳಗೆ ಎಲೆ ಕೊಳೆತ ಜಾರು, ಎದುರಿಗೆ ಮಂಜು. ಜನ ಗುಂಪುಗೂಡಿ ನಿಂತ ಜಾಗಕ್ಕೇ ಇನ್ನೊಂದು ಗಾಡಿ ಬಂದು ನುಗ್ಗಿದರೆ ಇಬ್ಬರ ಜಾಗದಲ್ಲಿ ಆರು ಜನ ಮಲಗಬೇಕಾಗುತ್ತದೆ. ಅಪಘಾತದ ಪಕ್ಕದಲ್ಲೇ ಸೊಪ್ಪಿನ ಕೊಂಬೆ ಇಟ್ಟು ಸುಮ್ಮನಾಗುವುದು ನಮ್ಮ ಕಡೆಯ ರೂಢಿ. ಅದು ತಿರುವಿನ ಈಚೆಗಿದ್ದರೆ ಚಾಲಕನಿಗೆ ಕಾಣುವಷ್ಟರಲ್ಲಿ ಕಾಲ ಮೀರಿರುತ್ತದೆ. ಕೊಂಬೆ, ತ್ರಿಕೋನ, ಟಾರ್ಚ್ ಹಿಡಿದ ಮನುಷ್ಯ, ಏನೇ ಇರಲಿ ತಿರುವು ದಾಟಿ ಆಚೆಗೆ ನೂರು ಹೆಜ್ಜೆ ಇರಬೇಕು. ಮೇಲೂ ಒಬ್ಬರು, ಕೆಳಗೂ ಒಬ್ಬರು. ನಿಲ್ಲುವವರು ಧರೆ ಬದಿಯಲ್ಲಿ ನಿಲ್ಲಲಿ, ಕಣಿವೆ ಬದಿಯಲ್ಲಿ ಬೇಡ. ಗಾಡಿ ಜಾರಿದರೆ ಹಿಂದಕ್ಕೆ ಹೆಜ್ಜೆ ಇಡಲು ಜಾಗ ಬೇಕಲ್ಲ. ಕಲ್ಲು ಇಡುವುದಂತೂ ಬೇಡವೇ ಬೇಡ. ಕತ್ತಲಾದ ಮೇಲೆ ಆ ಕಲ್ಲನ್ನು ತೆಗೆಯುವುದು ಯಾರಿಗೂ ನೆನಪಿರುವುದಿಲ್ಲ.

ಬೈಕಿನ ಕೀಲಿ ತಿರುಗಿಸಿ ಆಫ್ ಮಾಡಿ. ಪೆಟ್ರೋಲು ಸೋರುತ್ತಿದ್ದರೆ ಬೀಡಿ ಸಿಗರೇಟಿನವರನ್ನು ದೂರ ಕಳಿಸಿ. ಗಾಡಿಗಳನ್ನು ಸರಿಸುವ ಮೊದಲು ದೂರದಿಂದ ಎರಡು ಫೋಟೊ ಸಾಕು, ಮುಖ ಬೇಡ.

ಇನ್ನು ಸುದ್ದಿ ಮುಟ್ಟಿಸುವುದು. ನಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ತಾಗುವ ಜಾಗದಲ್ಲಿ 112 ಹೋಗಬಹುದು, ಒಮ್ಮೆ ಒತ್ತಿ ನೋಡಲೇಬೇಕು. ಅಲ್ಲಿ ಅದೂ ಹೋಗಲಿಲ್ಲ. ಮೇಲಿನಿಂದ ಬಂದ ಮಿನಿ ಬಸ್ಸಿನ ಕಂಡಕ್ಟರ್ ಕೆಳಗೆ ಸೋಮೇಶ್ವರದಲ್ಲಿ ಹೇಳುವುದಾಗಿ ಹೊರಟರು. ಸ್ಕೂಟರಿನವನೊಬ್ಬ ಆಗುಂಬೆಗೆ ಹತ್ತಿದ. ಹೀಗೆ ಎರಡೂ ದಿಕ್ಕಿಗೆ ಕಳಿಸುವುದೇ ಸರಿ. ‘ಇನ್ನೊಬ್ಬರೂ ಫೋನ್ ಮಾಡಿರಬಹುದು, ಇಬ್ಬರೂ ಹೇಳುವುದು ಒಂದೇ ಅಪಘಾತ’ ಎಂದು ಹೇಳುವಂತೆ ಇಬ್ಬರಿಗೂ ತಿಳಿಸಿ. ಹೇಳಿಕೊಟ್ಟ ಮಾತು ಐದು ಕಿಲೋಮೀಟರ್ ಹೋಗುವಷ್ಟರಲ್ಲಿ ಬದಲಾಗುತ್ತದೆ, ಚೀಟಿ ಬರೆದರೆ ಮಳೆಗೆ ಅಳಿಸುತ್ತದೆ. ಅವರ ಮೊಬೈಲಿನಲ್ಲೇ ಧ್ವನಿ ರೆಕಾರ್ಡ್ ಮಾಡಿ ಕಳಿಸುವುದು ಕೆಲಸಕ್ಕೆ ಬಂತು: ‘ರಾಷ್ಟ್ರೀಯ ಹೆದ್ದಾರಿ 169ಎ, ತೀರ್ಥಹಳ್ಳಿ–ಉಡುಪಿ ರಸ್ತೆ, ಆಗುಂಬೆ ಘಾಟಿ, ಮೇಲಿನಿಂದ ಆರನೇ ತಿರುವು. ಇಬ್ಬರು. ಒಬ್ಬರಿಗೆ ಕಾಲು ಮುರಿದು ರಕ್ತ ಹೋಗುತ್ತಿದೆ, ಒಬ್ಬರಿಗೆ ತಲೆಗೆ ಪೆಟ್ಟು, ಮಂಪರು.’ 108ರಲ್ಲಿ ಫೋನ್ ಎತ್ತುವವರಿಗೆ ಆಗುಂಬೆ ಗೊತ್ತಿದ್ದರೂ ಆರನೇ ತಿರುವು ಗೊತ್ತಿರುವುದಿಲ್ಲ. ಜಿಲ್ಲೆ, ತಾಲ್ಲೂಕು ಕೇಳಿಯೇ ಕೇಳುತ್ತಾರೆ. ಈ ಘಾಟಿಯಲ್ಲಿ ಮೇಲ್ತುದಿ ಶಿವಮೊಗ್ಗ ಜಿಲ್ಲೆ, ಬುಡ ಉಡುಪಿ ಜಿಲ್ಲೆ, ಹಾಗಾಗಿ ಎರಡನ್ನೂ ಹೇಳಿ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಮ್ಯಾಪಿನಲ್ಲಿ ಕಾಣುವ ಅಂಕಿಗಳ ಫೋಟೊ ಹೊತ್ತು ಹೋದರೆ ಇನ್ನೂ ಒಳ್ಳೆಯದು.

ಅಷ್ಟರಲ್ಲಿ ಐದಾರು ಗಾಡಿ ನಿಂತು ಜನ ಸೇರಿದ್ದರು. “ಹಿಡ್ಕಳಿ, ಕಾರಿಗೆ ಹಾಕನ” ಎಂದು ಒಬ್ಬರು. “ಎಂತ ಮಾರಾಯ್ರೆ, ಮಳೇಲಿ ಹಿಂಗೇ ಮಲಗ್ಸದಾ?” ಎಂದು ಇನ್ನೊಬ್ಬರು. ಕೇಳಿದ್ದು ತಪ್ಪಲ್ಲ, ಕರುಣೆಯ ಮಾತೇ. ಆದರೆ ಮುರಿದ ಕಾಲು ಹಿಡಿದು, ಕಂಕುಳಿಗೆ ಕೈ ಹಾಕಿ ಎತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿದರೆ ಒಳಗೆ ಮೂಳೆಯ ಚೂಪು ತುದಿ ರಕ್ತನಾಳ ಕೊಯ್ಯಬಹುದು. ಕುತ್ತಿಗೆಯ ಮೂಳೆ ಬಿರುಕು ಬಿಟ್ಟಿದ್ದರೆ ಆ ಒಂದು ಎಳೆತಕ್ಕೆ ಕೈಕಾಲು ಸ್ವಾಧೀನ ಹೋಗಬಹುದು. ಜನರನ್ನು ಸುಮ್ಮನೆ ‘ದೂರ ಹೋಗಿ’ ಎಂದರೆ ಹೋಗುವುದಿಲ್ಲ. ಕೆಲಸ ಕೊಟ್ಟರೆ ಕೇಳುತ್ತಾರೆ: ನೀವು ಮೇಲೆ ನಿಲ್ಲಿ, ನೀವು ಕೊಡೆ ಹಿಡೀರಿ, ನೀವು ಟೈಮ್ ನೋಡ್ತಾ ಇರಿ.

ಹುಡುಗನನ್ನು ಮಾತ್ರ ಕೂಡಲೇ ಸರಿಸಬೇಕಾಯಿತು. ಚರಂಡಿ ನೀರು ಹೆಲ್ಮೆಟ್ಟಿನ ಗಲ್ಲದವರೆಗೆ ಬಂದಿತ್ತು. ನೀರು, ಬೆಂಕಿ, ಮೇಲಿನಿಂದ ಉದುರುತ್ತಿರುವ ಧರೆ, ಈ ಮೂರಿದ್ದರೆ ಬೆನ್ನುಹುರಿಯ ಲೆಕ್ಕ ಆಮೇಲೆ. ಅಡ್ಡಡ್ಡ ಎತ್ತದೆ, ಮೈಯ ಉದ್ದಕ್ಕೆ ಎಳೆಯಬೇಕು. ತಲೆಯ ಕಡೆ ಕೂತು, ಎರಡೂ ಭುಜದ ಹತ್ತಿರ ಜಾಕೆಟ್ ಬಿಗಿ ಹಿಡಿದು, ತಲೆ ನಮ್ಮ ಎರಡು ಮುಂಗೈಗಳ ನಡುವೆ ಸಿಕ್ಕಿಕೊಂಡಂತೆ ಇಟ್ಟು, ಹಿಂದಕ್ಕೆ ಸರಿಯುತ್ತಾ ಎಳೆದರೆ ಕುತ್ತಿಗೆ ಹೆಚ್ಚು ಅಲ್ಲಾಡುವುದಿಲ್ಲ. ಎಂಟು ಹತ್ತು ಅಡಿ ಸಾಕು.

ಇಬ್ಬರಿದ್ದಾಗ ಯಾರನ್ನು ಮೊದಲು ನೋಡಬೇಕು? ಕೂಗುತ್ತಿರುವವರ ಉಸಿರು ಸರಿಯಿದೆ ಎಂದು ತಿಳಿಯಬಹುದು, ಸುಮ್ಮನೆ ಬಿದ್ದವರನ್ನು ಮೊದಲು ನೋಡಬೇಕು. ಆದರೆ ರಕ್ತ ಚಿಮ್ಮುತ್ತಿದ್ದರೆ ಅದು ಎಲ್ಲಕ್ಕಿಂತ ಮೊದಲು. ಕೈ ಸಾಕಷ್ಟಿದ್ದರೆ ಎರಡೂ ಒಟ್ಟಿಗೆ ನಡೆಯಲಿ. ಅಲ್ಲಿ ಹಾಗೇ ನಡೆಯಿತು.

ಮಳೆಯಲ್ಲಿ ರಕ್ತ ಎಷ್ಟು ಹೋಗಿದೆ ಎಂದು ರಸ್ತೆ ನೋಡಿ ಹೇಳಲಾಗುವುದಿಲ್ಲ. ಒಂದು ಲೋಟ ರಕ್ತ ನೀರಿಗೆ ಸೇರಿ ಇಡೀ ರಸ್ತೆ ಕೆಂಪಾಗುತ್ತದೆ, ಇಲ್ಲವೇ ಎಲ್ಲ ತೊಳೆದುಹೋಗಿ ಏನೂ ಆಗಿಲ್ಲವೆಂದು ಕಾಣುತ್ತದೆ. ಬಟ್ಟೆ ನೋಡಬೇಕು. ಒಣಗಿದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮೂಳೆಯ ತುದಿಯ ಮೇಲಲ್ಲ, ಅದರ ಸುತ್ತ ಗಾಯದ ಅಂಚಿಗೆ ಒತ್ತಿ, ಮೇಲೆ ಕೊಡೆ ಹಿಡಿಸಿ. ಒದ್ದೆಯಾದರೆ ಮೊದಲಿನದನ್ನು ಕೀಳದೆ ಅದರ ಮೇಲೇ ಇನ್ನೊಂದಿಟ್ಟು ಹತ್ತು ನಿಮಿಷ ಒತ್ತಬೇಕು. ನಡುನಡುವೆ ಎತ್ತಿ ‘ನಿಂತಿತಾ’ ಎಂದು ಇಣುಕಿದರೆ ಹೆಪ್ಪುಗಟ್ಟಿದ್ದು ಕಿತ್ತು ಮತ್ತೆ ಮೊದಲಿನಿಂದ ಶುರು. ಕೈಗೆ ಗ್ಲೌಸ್ ಇಲ್ಲದಿದ್ದರೆ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಿ. ಯಾರೋ ಕಾಫಿಪುಡಿ ತಂದರು. ಅರಿಶಿನ, ಸುಣ್ಣ ಎಂಬ ಸಲಹೆಗಳೂ ಬಂದವು. ಯಾವುದೂ ಬೇಡ. ಹೊರಗೆ ಬಂದ ಮೂಳೆಗೆ ತಾಗಿದ ಪ್ರತಿ ಪುಡಿಯನ್ನೂ ಆಪರೇಷನ್ ಟೇಬಲ್ಲಿನಲ್ಲಿ ಕೆರೆದು ತೆಗೆಯಬೇಕಾಗುತ್ತದೆ. ಚರಂಡಿ ನೀರಲ್ಲಿ ತೊಳೆಯುವುದೂ ಬೇಡ, ಮೂಳೆಯನ್ನು ಒಳಗೆ ತಳ್ಳುವುದೂ ಬೇಡ.

ಒತ್ತಿದರೂ ಎರಡನೇ ಬಟ್ಟೆ ಎರಡೇ ನಿಮಿಷಕ್ಕೆ ತೊಯ್ದು ತೊಟ್ಟಿಕ್ಕಿತು. ಆಗ ಕಟ್ಟು ಬಿಗಿಯದೆ ಬೇರೆ ದಾರಿ ಇರಲಿಲ್ಲ. ಟವೆಲನ್ನು ಮೂರು ಬೆರಳಗಲಕ್ಕಿಂತ ಕಡಿಮೆಯಾಗದಂತೆ ಮಡಚಿ, ಗಾಯದಿಂದ ಎರಡು ಮೂರು ಇಂಚು ಮೇಲೆ ಕಟ್ಟಬೇಕು. ಕಟ್ಟು ಕೀಲಿನ ಮೇಲೆ ಬರಬಾರದು. ಇಲ್ಲಿ ಗಾಯ ಮೊಣಕಾಲಿಗೆ ಹತ್ತಿರವಿದ್ದದ್ದರಿಂದ ತೊಡೆಗೇ ಕಟ್ಟಬೇಕಾಯಿತು. ಅರ್ಧ ಗಂಟು, ಅದರ ಮೇಲೆ ಸ್ಪ್ಯಾನರ್, ಅದರ ಮೇಲೆ ಪೂರ್ತಿ ಗಂಟು. ರಕ್ತ ನಿಲ್ಲುವ ತನಕ ಸ್ಪ್ಯಾನರ್ ತಿರುಗಿಸಿ, ಬಿಚ್ಚಿಕೊಳ್ಳದಂತೆ ಅದರ ತುದಿ ಕಟ್ಟಿಬಿಡುವುದು. ತೆಳು ಹಗ್ಗ, ವೈರು, ಶೂ ಲೇಸು ಬೇಡ, ಮಾಂಸ ಕೊಯ್ಯುತ್ತವೆ. ಸರಿಯಾಗಿ ಬಿಗಿದರೆ ನೋವು ವಿಪರೀತ. ಕಾಲು ಮುರಿದವರು “ಬಿಚ್ರೋ” ಎಂದು ಕೂಗಿದರು, ನೋಡುತ್ತಿದ್ದವರೂ “ಸ್ವಲ್ಪ ಸಡಿಲ ಮಾಡಿ ಪಾಪ” ಎಂದರು. ಮಾಡಬಾರದು. ಹದಿನೈದು ನಿಮಿಷಕ್ಕೊಮ್ಮೆ ಸಡಿಲಿಸಬೇಕು ಎಂಬ ಹಳೆಯ ಪಾಠ ಈಗ ನಡೆಯುವುದಿಲ್ಲ. ಪ್ರತಿ ಸಲ ಸಡಿಲಿಸಿದಾಗಲೂ ಇರುವ ರಕ್ತ ಇನ್ನಷ್ಟು ಹೋಗುತ್ತದೆ. ಸುಮಾರು ಎರಡು ಗಂಟೆಯವರೆಗೆ ಕಾಲಿಗೆ ಕಾಯಂ ಹಾನಿಯ ಭಯ ಕಡಿಮೆ. ಅದಕ್ಕೇ ಕಟ್ಟಿದ ಹೊತ್ತು ಬರೆದಿಡುವುದು ಮುಖ್ಯ.

ಬರೆಯುವುದು ಎಲ್ಲಿ? ಒದ್ದೆ ಚರ್ಮದ ಮೇಲೆ ಬಾಲ್ ಪೆನ್ ಹಿಡಿಯಲೇ ಇಲ್ಲ. ಹಿಂದೆ ನಿಂತ ಪಿಕಪ್ಪಿನಲ್ಲಿ ತಟ್ಟೆ ಮಾಡುವಲ್ಲಿಗೆ ಹೋಗುತ್ತಿದ್ದ ಅಡಿಕೆ ಹಾಳೆಯ (ಸೋಗೆಯ ಬುಡದ ಅಗಲ ಹೊದಿಕೆ) ಕಟ್ಟುಗಳಿದ್ದವು. ಒಂದು ಹಾಳೆಯ ಒಳಮೈ ಮೇಲೆ ಮೊಳೆಯಿಂದ ಗೀರಿದ್ದು: 5.52. ಆ ಗೀರು ಮಳೆಗೆ ಅಳಿಯಲಿಲ್ಲ. ಅದನ್ನು ಕಾಲು ಮುರಿದವರ ಎದೆಯ ಮೇಲೆ, ಜಾಕೆಟ್ಟಿನ ಜಿಪ್ಪಿಗೆ ಸಿಕ್ಕಿಸಿದ್ದಾಯಿತು.

ಆ ಪಿಕಪ್ಪು ಬರದಿದ್ದರೆ ಕೆಲಸ ಕಷ್ಟವಿತ್ತು. ಕಾಲಿಗೆ ಆಸರೆ ಕೊಡಲು ಹಾಳೆಯಷ್ಟು ಒಳ್ಳೆಯದು ಕಾಡಿನ ನಡುವೆ ಸಿಗುವುದಿಲ್ಲ. ದೋಣಿಯಂತೆ ಬಾಗಿರುವುದರಿಂದ ಕಾಲು ಅದರೊಳಗೆ ಕೂರುತ್ತದೆ. ಪೂರ್ತಿ ಒಣಗಿದ ಹಾಳೆ ಬಗ್ಗಿಸಿದರೆ ಸೀಳುತ್ತದೆ, ಸೀಳಿದ ಅಂಚು ಬ್ಲೇಡಿನಂತಿರುತ್ತದೆ. ಎರಡು ನಿಮಿಷ ಮಳೆಗೆ ಹಿಡಿದು ಮೆತ್ತಗಾದ ಮೇಲೆ ಬಳಸಬೇಕು. ಮೆತ್ತಗಾದದ್ದು ಒಂದೇ ಆದರೆ ಬಾಗುತ್ತದೆ, ಆದ್ದರಿಂದ ಒಂದರೊಳಗೊಂದು ಎರಡು ಪದರ. ಉದ್ದ ಸಾಲದಿದ್ದರೆ ಒಂದು ಗೇಣು ಒಂದರ ಮೇಲೊಂದು ಬರುವಂತೆ ಜೋಡಿಸಿ, ಹೊರಗಿನಿಂದ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರ) ತುಂಡು. ದಬ್ಬೆಯ ಸಿಬಿರು ಒಳಗೆ ಬರದಿರಲಿ. ಮುರಿತದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲ್ಲಾಡಬಾರದು, ಅಂದರೆ ತೊಡೆಯ ಮಧ್ಯದಿಂದ ಹಿಮ್ಮಡಿ ದಾಟುವವರೆಗೆ. ಸಂದಿಯಲ್ಲಿ ಗೋಣಿತಾಟು, ಅಂಗಿ ತುರುಕಿ, ಪಂಚೆ ಹರಿದ ಪಟ್ಟಿಯಿಂದ ನಾಲ್ಕು ಕಡೆ ಕಟ್ಟು. ಗಾಯದ ಮೇಲೆ ಗಂಟು ಬೇಡ. ಕಾಲನ್ನು ನೆಟ್ಟಗೆ ಮಾಡಲು ಹೋಗದೆ ಇದ್ದ ಭಂಗಿಯಲ್ಲೇ ಕಟ್ಟಿ. ತೊಡೆಯ ಬಿಗಿಕಟ್ಟು ಕಾಣುವಂತೆ ಹೊರಗೇ ಬಿಡಿ. ಮುಚ್ಚಿಹೋದರೆ ಆಸ್ಪತ್ರೆಯಲ್ಲಿ ಕಣ್ಣಿಗೆ ಬೀಳದೆ ಉಳಿದೀತು. ಸಾಮಾನ್ಯವಾಗಿ ಆಸರೆ ಕಟ್ಟಿದ ಮೇಲೆ ಹೆಬ್ಬೆರಳಿನ ಉಗುರು ಒತ್ತಿ, ಎರಡು ಸೆಕೆಂಡಿನಲ್ಲಿ ಕೆಂಪು ಮರಳುತ್ತದೆಯೇ ನೋಡುತ್ತಾರೆ. ಮೇಲೆ ರಕ್ತ ನಿಲ್ಲಿಸುವ ಕಟ್ಟು ಇರುವಾಗ ಆ ಪರೀಕ್ಷೆಗೆ ಅರ್ಥವಿಲ್ಲ. ಉಗುರು ಬಿಳುಚಿದೆ ಎಂದು ಗಾಬರಿಯಾಗಿ ಕಟ್ಟು ಬಿಚ್ಚಬೇಡಿ.

ಈಗ ಹುಡುಗ. ಹೆಲ್ಮೆಟ್ ಪೂರ್ತಿ ಮುಖ ಮುಚ್ಚುವಂಥದು. ಮುಂದಿನ ಗಾಜು ಎತ್ತಿದರೆ ಉಸಿರು ಕಾಣುತ್ತದೆ, ಹೆಸರು ಕೇಳಿದರೆ ಕಣ್ಣು ತೆರೆಯುತ್ತಾನೆ, ಮತ್ತೆ ಮುಚ್ಚುತ್ತಾನೆ. ಉಸಿರು ಸಲೀಸಾಗಿ ಆಡುತ್ತಿದ್ದರೆ ಹೆಲ್ಮೆಟ್ ತೆಗೆಯುವ ಅಗತ್ಯವಿಲ್ಲ. ತಲೆಯ ಎರಡೂ ಬದಿ ಒಬ್ಬರು ಮಂಡಿಯೂರಿ ಹಿಡಿದು ಕೂತರೆ ಸಾಕು. ನೀರಸ ಕೆಲಸ, ಕೈ ಸೋಲುತ್ತದೆ, ಆದರೂ ಬಿಡುವಂತಿಲ್ಲ. ಮೊಣಕೈಯನ್ನು ನೆಲಕ್ಕೋ ನಿಮ್ಮ ತೊಡೆಗೋ ಊರಿದರೆ ಅರ್ಧ ಗಂಟೆ ತಡೆಯುತ್ತದೆ.

ಆರೂ ಕಾಲಿಗೆ ವಾಂತಿ ಶುರುವಾಯಿತು. ಮುಚ್ಚಿದ ಹೆಲ್ಮೆಟ್ಟಿನೊಳಗೆ ವಾಂತಿ ಹೊರಗೆ ಹೋಗದೆ ಗಂಟಲಿಗೇ ಮರಳುತ್ತದೆ. ತಕ್ಷಣ ಮಗ್ಗುಲಾಗಿಸಬೇಕು, ತಲೆಯೊಂದೇ ತಿರುಗಿಸದೆ ಇಡೀ ಮೈಯನ್ನು ಮರದ ದಿಮ್ಮಿಯಂತೆ. ತಲೆ ಹಿಡಿದವರೇ ಯಜಮಾನರು, ಅವರ ಮಾತಿಗೇ ಉಳಿದವರು ತಿರುಗಿಸುವುದು. ಭುಜಕ್ಕೊಬ್ಬರು, ಸೊಂಟಕ್ಕೊಬ್ಬರು, ಮೊಣಕಾಲಿಗೊಬ್ಬರು. ‘ಒಂದು, ಎರಡು, ಮೂರು’ ಎಂದಾಗ ಮೂರಕ್ಕೆ ತಿರುಗಿಸುವುದೋ ಮೂರಾದ ಮೇಲೋ ಎಂದು ಮೊದಲೇ ಮಾತಾಡಿಕೊಳ್ಳಿ. ಅಲ್ಲಿ ಒಬ್ಬರು ಎರಡಕ್ಕೇ ಎಳೆದರು.

ಬಾಯಿ ಖಾಲಿಯಾದ ಮೇಲೆ ಹೆಲ್ಮೆಟ್ ತೆಗೆಯಬೇಕಾಯಿತು. ಇದಕ್ಕೆ ಇಬ್ಬರು ಬೇಕೇ ಬೇಕು. ಒಬ್ಬರು ತಲೆಯ ಕಡೆ ಕೂತು ಹೆಲ್ಮೆಟ್ಟನ್ನು ಎರಡೂ ಬದಿ ಹಿಡಿಯುತ್ತಾರೆ. ಇನ್ನೊಬ್ಬರು ಗಲ್ಲದ ಪಟ್ಟಿ ಬಿಚ್ಚುತ್ತಾರೆ. ಒದ್ದೆಯಾಗಿ ಬಿಗಿದ ಪಟ್ಟಿ ಬಿಚ್ಚಿಕೊಳ್ಳಲಿಲ್ಲ. ಪಿಕಪ್ ಚಾಲಕರ ಎಲೆಯಡಿಕೆ ಸಂಚಿಯಲ್ಲಿದ್ದ ಅಡಕತ್ತರಿ ಬಂತು. ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ಗಂಟಲಿಗೆ ತಡೆಮಾಡಿ, ಬದಿಯಲ್ಲಿ ಕತ್ತರಿಸಿದರು. ಆಮೇಲೆ ಎರಡನೆಯವರ ಒಂದು ಕೈ ದವಡೆಗೆ, ಹೆಬ್ಬೆರಳು ಒಂದು ಬದಿ, ಉಳಿದ ಬೆರಳು ಇನ್ನೊಂದು ಬದಿ. ಇನ್ನೊಂದು ಕೈ ಕುತ್ತಿಗೆಯ ಹಿಂದೆ. ಈಗ ತಲೆಯ ಭಾರ ಇವರದು. ಮೊದಲನೆಯವರು ಹೆಲ್ಮೆಟ್ಟಿನ ಬದಿಗಳನ್ನು ಹೊರಕ್ಕೆ ಅಗಲಿಸಿ, ಮೂಗು ತಪ್ಪುವಷ್ಟು ಮಾತ್ರ ಹಿಂದಕ್ಕೆ ವಾಲಿಸಿ ನಿಧಾನ ಎಳೆಯುತ್ತಾರೆ. ಕುತ್ತಿಗೆಯ ಹಿಂದಿನ ಕೈ ಜೊತೆಜೊತೆಗೇ ಮೇಲಕ್ಕೆ ಜಾರಿ ತಲೆಯ ಹಿಂಭಾಗ ತಾಂಗಬೇಕು, ಇಲ್ಲವಾದರೆ ಹೆಲ್ಮೆಟ್ ಕಳಚಿದ ಕ್ಷಣ ತಲೆ ದಬ್ಬನೆ ರಸ್ತೆಗೆ ಬೀಳುತ್ತದೆ. ತೆಗೆದ ಮೇಲೆ ತಲೆಯಡಿ ಒಂದಿಂಚು ದಪ್ಪದ ಬಟ್ಟೆ, ಹೆಚ್ಚು ಬೇಡ. ಉಸಿರಿಗೆ ಗೊರಗೊರ ಬಂದರೆ ಕುತ್ತಿಗೆ ಹಿಂದಕ್ಕೆ ಬಾಗಿಸದೆ, ದವಡೆಯ ಮೂಲೆ ಹಿಡಿದು ಮುಂದಕ್ಕೆ ತಳ್ಳಬೇಕು.

ಉಸಿರೇ ನಿಂತಿದ್ದರೆ ಲೆಕ್ಕ ಬೇರೆ. ಹತ್ತು ಸೆಕೆಂಡ್ ನೋಡಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುವುದು. ದೇವರ ದಯೆ, ಅದರ ಅಗತ್ಯ ಬೀಳಲಿಲ್ಲ.

ಸ್ವಲ್ಪ ಹೊತ್ತಿಗೆ ಹುಡುಗ ಚೆನ್ನಾಗಿ ಎಚ್ಚರಾಗಿ “ನಂಗೇನೂ ಆಗಿಲ್ಲ, ಎದ್ಕಳ್ತೀನಿ” ಎಂದ. ಜನಕ್ಕೆಲ್ಲ ಸಮಾಧಾನ. ತಲೆಪೆಟ್ಟಿನಲ್ಲಿ ಈ ನಡುವಿನ ಎಚ್ಚರ ಮೋಸ ಮಾಡಬಲ್ಲದು; ಒಳಗೆ ರಕ್ತ ಜಿನುಗುತ್ತಿದ್ದರೆ ಮತ್ತೆ ಮಂಕು ಕವಿಯುತ್ತದೆ. ಐದು ನಿಮಿಷಕ್ಕೊಮ್ಮೆ ಅದೇ ಪ್ರಶ್ನೆ ಕೇಳಿ: ಹೆಸರೇನು, ಎಲ್ಲಿದ್ದೀಯ. ಉತ್ತರ ನಿಧಾನವಾಗುತ್ತಿದೆಯೇ, ಒಂದು ಕಣ್ಣಿನ ಪಾಪೆ ದೊಡ್ಡದಾಗಿದೆಯೇ ನೋಡಿ, ಹೊತ್ತಿನೊಡನೆ ಹಾಳೆಯ ಮೇಲೆ ಗೀರಿಡಿ.

ಕಾಯುವ ಹೊತ್ತಿನ ದೊಡ್ಡ ಶತ್ರು ಚಳಿ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದು ಕುಂಠಿತವಾಗುತ್ತದೆ, ನಿಂತಿದ್ದ ರಕ್ತ ಮತ್ತೆ ಜಿನುಗುತ್ತದೆ. ಎಲ್ಲರೂ ಮೇಲೆ ಹೊದಿಸುತ್ತಾರೆ, ಕೆಳಗೆ ಹಾಸಲು ಮರೆಯುತ್ತಾರೆ. ಒದ್ದೆ ಡಾಂಬರು ಬೆನ್ನಿನಿಂದ ಹೀರುವ ಬಿಸಿಯೇ ಹೆಚ್ಚು. ಮೈಯನ್ನು ಮಗ್ಗುಲಾಗಿಸಿದ ಆ ಒಂದೇ ಸಲದಲ್ಲಿ ಅಡಿಗೆ ಹಾಳೆ, ಅದರ ಮೇಲೆ ಗೋಣಿಚೀಲ ಸರಿಸಿಬಿಡಬೇಕು. ಮೇಲೆ ಕಂಬಳಿ, ಅದರ ಮೇಲೆ ತಾಡಪಾಲು, ತಲೆಗೂ ಮುಚ್ಚಿಗೆ, ಮುಖ ಮಾತ್ರ ತೆರೆದು. ರಕ್ತ ಹೋಗಿ ಮೈ ಕುಸಿಯುತ್ತಿರುವವರಿಗೆ ತಣ್ಣನೆ ಬೆವರು ಬರುತ್ತದೆ ಎನ್ನುತ್ತಾರೆ. ಮಳೆಯಲ್ಲಿ ಬೆವರು ಗೊತ್ತಾಗುವುದೆಲ್ಲಿ? ತುಟಿಯ ಒಳಬದಿ ಬಿಳುಚಿದೆಯೇ, ನಾಡಿ ಓಡುತ್ತಿದೆಯೇ, ಮಾತು ತೊದಲುತ್ತಿದೆಯೇ ಅಷ್ಟನ್ನೇ ನಂಬಬೇಕು. ನಿಮ್ಮ ಬೆರಳೇ ಮರಗಟ್ಟಿದ್ದರೆ ನಾಡಿ ಸಿಗುವುದಿಲ್ಲ. ಕಂಕುಳಲ್ಲಿ ಒಂದು ನಿಮಿಷ ಇಟ್ಟುಕೊಂಡು ಬೆಚ್ಚಗೆ ಮಾಡಿ, ಕತ್ತಿನ ಬದಿಯಲ್ಲಿ ಹುಡುಕಿ.

ನೀರು, ಸೋಡಾ, ಕಾಫಿ ಏನೂ ಕೊಡಬೇಡಿ. ಆಪರೇಷನ್ನಿಗೆ ಅರಿವಳಿಕೆ ಕೊಡುವಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ತುಟಿ ಒದ್ದೆ ಮಾಡಿದರೆ ಸಾಕು.

ಒಂದು ಕಿರಿಕಿರಿಯ ಮಾತು. ತಲೆ ಹಿಡಿದು ಕೂತವರ ಪಾದದಲ್ಲಿ ರಕ್ತ ಹರಿಯುವುದು ಕಂಡು ಯಾರೋ ಅವರಿಗೂ ಗಾಯವೆಂದು ಗಾಬರಿ ಎಬ್ಬಿಸಿದರು. ಉಂಬಳ, ಅಂದರೆ ಜಿಗಣೆ. ಮಳೆಗಾಲದಲ್ಲಿ ಅಷ್ಟು ಹೊತ್ತು ಅಲ್ಲಾಡದೆ ಕೂತರೆ ಬಿಡುತ್ತವೆಯೇ? ಗಾಯಗೊಂಡವರ ಮೈಮೇಲೂ ಹತ್ತಿರುತ್ತವೆ, ಗಾಯ ಹುಡುಕುವಾಗ ಅದು ನೆನಪಿರಲಿ.

ಲಾಕ್ ಆಗಿರುವ ಫೋನಿಗೆ ಒದ್ದೆ ಬೆರಳು ಹಿಡಿಯುವುದಿಲ್ಲ. ಲಾಕ್ ಪರದೆಯ ‘ತುರ್ತು ಕರೆ’ ಒತ್ತಿದರೆ, ಅವರು ಮೊದಲೇ ತುಂಬಿಟ್ಟಿದ್ದಲ್ಲಿ, ಮನೆಯವರ ನಂಬರು, ರಕ್ತದ ಗುಂಪು ಸಿಗುತ್ತದೆ. ಪರ್ಸು, ಮೊಬೈಲು, ಸರ ಇತ್ಯಾದಿಗಳನ್ನು ಇಬ್ಬರ ಎದುರು ಎಣಿಸಿ ಒಂದು ಕವರಿಗೆ ಹಾಕಿ, ಆಂಬುಲೆನ್ಸಿನವರ ಕೈಗೆ ಹೇಳಿ ಕೊಡಿ.

ಆಂಬುಲೆನ್ಸ್ ಬಂದಾಗ ಹತ್ತು ಜನ ಒಟ್ಟಿಗೆ ಕಥೆ ಹೇಳಲು ಶುರು ಮಾಡಿದರು. ಒಬ್ಬರೇ ಹೇಳಿ, ನಾಲ್ಕು ಮಾತು: ಹೇಗೆ ಬಿದ್ದರು, ಎಲ್ಲೆಲ್ಲಿ ಪೆಟ್ಟು, ಈಗ ಹೇಗಿದ್ದಾರೆ, ನಾವು ಏನು ಮಾಡಿದೆವು ಎಷ್ಟು ಹೊತ್ತಿಗೆ. ಮೇಲೆ ತೀರ್ಥಹಳ್ಳಿಗೋ, ಕೆಳಗೆ ಮಣಿಪಾಲದ ಕಡೆಗೋ ಎಂದು ಅಲ್ಲಿ ವಾದ ಹುಟ್ಟಿತು. ಹತ್ತಿರದ ಆಸ್ಪತ್ರೆಯಲ್ಲಿ ತಲೆಪೆಟ್ಟು ನೋಡುವವರಿಲ್ಲದಿದ್ದರೆ ಅಲ್ಲಿಂದ ಮತ್ತೆ ಸಾಗಿಸುವುದರಲ್ಲಿ ಹೊತ್ತು ಹೋಗುತ್ತದೆ. ಆಂಬುಲೆನ್ಸಿನ ತಂತ್ರಜ್ಞರಿಗೆ ಯಾವ ಆಸ್ಪತ್ರೆ ಎಂದು ವಿಚಾರಿಸುವ ವ್ಯವಸ್ಥೆ ಇರುತ್ತದೆ, ತೀರ್ಮಾನ ಅವರಿಗೇ ಬಿಡಿ. ಅವರು ಕೆಳಗೆ ಎಂದರು.

ಜೊತೆಗೆ ಹೋದವರಿಗೆ ಆಸ್ಪತ್ರೆಯ ಕೌಂಟರಿನಲ್ಲಿ ಮೊದಲ ಪ್ರಶ್ನೆ: “ನೀವು ಇವರಿಗೇನಾಗ್ಬೇಕು? ಅಡ್ವಾನ್ಸ್ ಯಾರು ಕಟ್ತೀರಿ?” ಇಪ್ಪತ್ತು ನಿಮಿಷ ಅದರಲ್ಲೇ ಹೋಯಿತು. ಹೆದರಬೇಕಾಗಿಲ್ಲ. ಪೊಲೀಸರು ಬರುವವರೆಗೆ ಕಾಯದೆ ಚಿಕಿತ್ಸೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮು ನೆರವಾದವರನ್ನು ಸಿವಿಲ್, ಕ್ರಿಮಿನಲ್ ಹೊಣೆಯಿಂದ ಕಾಯುತ್ತದೆ. 2020ರ ನಿಯಮಗಳ ಪ್ರಕಾರ ಹೆಸರು, ವಿಳಾಸ, ಫೋನ್ ನಂಬರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ‘ನಾವು ದಾರಿಹೋಕರು, ತಂದು ಸೇರಿಸಿದ್ದೇವೆ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೆಂಬ ದಾಖಲೆ) ಮಾಡಿಕೊಳ್ಳಿ’ ಎಂದು ಶಾಂತವಾಗಿ ಹೇಳಿದ ಮೇಲೆ ಅಡ್ವಾನ್ಸಿನ ಮಾತು ನಿಂತಿತು. ಸಾಕ್ಷಿ ಹೇಳಲು ಒಪ್ಪಿದರೆ ಮಾತ್ರ ಹೇಳಿಕೆ ಕೊಡುವ ಪ್ರಶ್ನೆ. ಖರ್ಚಿನ ವಿಷಯಕ್ಕೆ ಬಂದರೆ, 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ಕೇಂದ್ರದ ನಗದುರಹಿತ ಯೋಜನೆಯಲ್ಲಿ ಅಪಘಾತದ ದಿನದಿಂದ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ಚಿಕಿತ್ಸೆಗೆ ಅವಕಾಶವಿದೆ. ಮನೆಯವರಿಗೆ ಇದು ಗೊತ್ತಿರುವುದಿಲ್ಲ, ಬಂದ ಕೂಡಲೇ ಹೇಳಿ. ಘಟನೆ ಯಾವ ಠಾಣೆಯ ಗಡಿ ಎಂಬ ತಕರಾರೂ ಎದ್ದಿತು. ಘಾಟಿಯಲ್ಲಿ ಇದು ಮಾಮೂಲು. ಗಡಿ ಯಾವುದೇ ಇರಲಿ, ಮಾಹಿತಿ ದಾಖಲಿಸಿಕೊಂಡು ಆಮೇಲೆ ವರ್ಗಾಯಿಸಲು 2024ರ ಜುಲೈಯಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವಕಾಶವಿದೆ.

ಇತ್ತ ಘಾಟಿಯಲ್ಲಿ ಉಳಿದವರಿಗೆ ಇನ್ನೂ ಕೆಲಸವಿತ್ತು. ಯಾರೋ ಮಾತು ಕೇಳದೆ ಇಟ್ಟಿದ್ದ ಎರಡು ಕಲ್ಲು, ಕೊಂಬೆಗಳು, ಗಾಜಿನ ಚೂರು, ಎಲ್ಲವನ್ನೂ ಟಾರ್ಚ್ ಹಿಡಿದು ತೆಗೆದದ್ದಾಯಿತು. ರಕ್ತ ತಾಗಿದ ಕೈಗೆ ಸೋಪು ಹಾಕಿ ತೊಳೆಯಬೇಕು. ಕೈಯಲ್ಲಿ ಹಸಿ ಗಾಯವಿದ್ದು ರಕ್ತ ತಾಗಿದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು.

ಮರುದಿನ ತೀರ್ಥಹಳ್ಳಿಯಲ್ಲಿ ನಮ್ಮ ಪ್ರಥಮ ಚಿಕಿತ್ಸೆಯ ಕಿಟ್ ಮತ್ತೆ ತುಂಬಿಸಿದ್ದಕ್ಕೆ ಸಾವಿರದ ಇನ್ನೂರು ರೂಪಾಯಿಯ ಹತ್ತಿರ ಬಂತು: ಐದು ಜೊತೆ ಗ್ಲೌಸ್, ನಾಲ್ಕು ತ್ರಿಕೋನ ಬಟ್ಟೆ, ಕ್ರೇಪ್ ಬ್ಯಾಂಡೇಜು, ಗಾಜ್ ಪ್ಯಾಡು, ಮೊಂಡು ತುದಿಯ ಕತ್ತರಿ, ಸೀಟಿ, ಟಾರ್ಚು, ದೊಡ್ಡ ಕಸದ ಚೀಲ ಎರಡು. ಎಲ್ಲವೂ ಮುಚ್ಚಳ ಬಿಗಿಯಾಗುವ ಪ್ಲಾಸ್ಟಿಕ್ ಡಬ್ಬದೊಳಗೆ. ಬಟ್ಟೆ ಚೀಲದಲ್ಲಿಟ್ಟ ಹಳೆಯ ಬ್ಯಾಂಡೇಜು ಜುಲೈಯಲ್ಲೇ ಬೂಷ್ಟು ಹಿಡಿದಿತ್ತು. ಜೊತೆಗೆ ಈ ಸಲ ಒಂದು ಮಾರ್ಕರ್ ಪೆನ್ನು, ಮತ್ತು ಪಿಕಪ್ಪಿನವರು ದುಡ್ಡು ಬೇಡವೆಂದು ಕೊಟ್ಟ ಎರಡು ಹಾಳೆ.